ಅಡುಗೆಮನೆಗೆ ಒಂದು ಕೊಡ ನೀರು

ಹೊಳೆ ದಂಡೆಯ ಮೇಲೊಂದು ಹಳೇ ಮಠ. ಅಲ್ಲಿಗೆ ಮರಿದೇವನೆಂಬ ಹೊಸ ಶಿಷ್ಯ ಬಂದ. ಪಾಲಿಟೆಕ್ನಿಕ್ಕಿನಲ್ಲಿ ಕಟ್ಟಡದ ಕೆಲಸ ಓದಿ ಬಂದವನು.

ಆ ವರ್ಷ ಅಡುಗೆಮನೆಯನ್ನು ಸರಿಮಾಡಿ ನಲ್ಲಿ ಹಾಕಿಸಬೇಕೆಂದಾಯಿತು. ಸ್ವಾಮಿಗಳು ಕೆಲಸವನ್ನು ಅವನಿಗೇ ಒಪ್ಪಿಸಿದರು. ಗುರುಗಳು ತನ್ನನ್ನು ನಂಬಿ ಕೊಟ್ಟ ಮೊದಲ ಕೆಲಸ, ಎಲ್ಲೂ ತಪ್ಪಬಾರದು ಅಂತ ಅವನ ಹಟ.

ನಲ್ಲಿ ಬೇಕೇ ಬೇಕಿತ್ತು ಬಿಡಿ. ಅಡುಗೆಯ ಪುಟ್ಟಮ್ಮಣ್ಣಿಗೆ ಅರವತ್ತು ದಾಟಿತ್ತು. ದಿನಕ್ಕೆ ನಲವತ್ತು ಕೊಡ ನೀರು ಸೇದಿ, ಹೊತ್ತು, ಪಾಪ, ಅವಳ ಸೊಂಟ ಬಿದ್ದುಹೋಗಿತ್ತು.

ಆ ಮಠದಲ್ಲೊಂದು ಪದ್ಧತಿ. ಪಂಕ್ತಿ ಎದ್ದ ಮೇಲೆ ಅಡುಗೆಮನೆಯ ನೆಲ ತೊಳೆಯುವುದು ಶಿಷ್ಯರ ಸರದಿ. ಮರಿದೇವ ತನ್ನ ಸರದಿಯನ್ನು ಪ್ರತಿಸಲವೂ ಇನ್ನೊಬ್ಬರಿಗೆ ದಾಟಿಸಿಬಿಡುತ್ತಿದ್ದ. ನಕ್ಷೆ ಬರೆಯುವವನಿಗೆ ಪೊರಕೆ ಹಿಡಿಯಲು ಪುರುಸೊತ್ತೆಲ್ಲಿ?

ಒಂದು ಮಧ್ಯಾಹ್ನ ಊಟವಾದ ಮೇಲೆ ಅವನು ನಕ್ಷೆಯನ್ನು ಅಡುಗೆಮನೆಯ ಕಟ್ಟೆಯ ಮೇಲೆ ಹರಡಿದ.

“ಆರು ನಲ್ಲಿ ಬುದ್ಧಿ. ಒಲೆ ಹತ್ತಿರ ಎರಡು, ಪಾತ್ರೆ ತೊಳೆಯೋ ಕಡೆ ಮೂರು, ಅಕ್ಕಿ ತೊಳೆಯೋಕೆ ಒಂದು.”

“ಚೆನ್ನಾಗಿದೆ,” ಎಂದರು ಸ್ವಾಮಿಗಳು.

“ಆದರೆ ಈ ನೆಲ ಮಾತ್ರ ಸರಿಯಿಲ್ಲ. ಟ್ಯೂಬಿಗೆ ನೀರು ತುಂಬಿ ಮಟ್ಟ ನೋಡಿದೆ. ಒಂದು ಕಲ್ಲು ಇದ್ದಹಾಗೆ ಇನ್ನೊಂದಿಲ್ಲ. ಹಾಸಿದವನಿಗೆ ಕೆಲಸ ಬರ್ತಿರಲಿಲ್ಲ ಅಂತ ಕಾಣುತ್ತೆ. ಎಲ್ಲಾ ಕಿತ್ತು, ಕೆಳಗೆ ಪೈಪು ಹೂತು, ಮೇಲೆ ಕಾಂಕ್ರೀಟು ಹಾಕಿಸ್ತೀನಿ. ತೊಳೆದ ನೀರು ನೇರವಾಗಿ ಹೊರಗಿನ ಇಂಗುಗುಂಡಿಗೆ ಹೋಗುತ್ತೆ.”

“ಕೆಲಸದವರು ಯಾವಾಗ ಬರ್ತಾರೆ?”

“ನಾಳೆ ಬೆಳಿಗ್ಗೆ. ತಾವು ಹೂಂ ಅಂದರೆ ಸಾಕು.”

“ಒಂದು ಸಲ ಕಿತ್ತರೆ ಮತ್ತೆ ಹೀಗೇ ಹಾಸೋಕಾಗುತ್ತಾ?”

“ಇಲ್ಲ ಬುದ್ಧಿ. ಹೀಗೆ ಯಾರು ತಾನೇ ಹಾಸ್ತಾರೆ?”

ಸ್ವಾಮಿಗಳು ಹೂಂ ಅನ್ನಲೂ ಇಲ್ಲ, ಉಹೂಂ ಅನ್ನಲೂ ಇಲ್ಲ.

“ಇವತ್ತು ನೆಲ ತೊಳೆಯೋ ಸರದಿ ಯಾರದು?”

ಮೂಲೆಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಪುಟ್ಟಮ್ಮಣ್ಣಿ ತಲೆ ಎತ್ತದೆ ಹೇಳಿದಳು. “ಇವರದೇ ಬುದ್ಧಿ. ಇವರದು ಬಂದಾಗೆಲ್ಲಾ ಇನ್ಯಾರೋ ತೊಳೀತಾರೆ.”

ಮರಿದೇವನ ಮುಖ ಸಣ್ಣದಾಯಿತು. ಸ್ವಾಮಿಗಳು ತುಂಬಿದ ಕೊಡವೊಂದನ್ನು ಅವನ ಮುಂದಿಟ್ಟರು.

“ಪೊರಕೆ ಬೇಡ. ಬಾಗಿಲ ಹತ್ತಿರ ಸುಮ್ಮನೆ ಸುರಿ.”

ಸುರಿದ. ನೀರು ಒಂದು ಗಳಿಗೆ ನಿಂತಲ್ಲೇ ನಿಂತಿತು. ನೋಡಿದಿರಾ, ನೆಲ ಸೊಟ್ಟ ಅಂತ ಹೇಳಬೇಕೆಂದು ಅವನು ಬಾಯಿ ತೆರೆದ. ಅಷ್ಟರಲ್ಲಿ ನೀರು ಹೊರಟಿತು.

ಒಲೆಯ ಮುಂದೆ ಬಂದು ಎರಡಾಗಿ ಸೀಳಿತು. ಬೂದಿಯನ್ನು ಮುಟ್ಟಲಿಲ್ಲ. ಒಲೆಯ ಎರಡೂ ಮಗ್ಗುಲಲ್ಲಿ ಹರಿದು, ಒರಳುಕಲ್ಲಿನ ಹಿಂದೆ ಮತ್ತೆ ಒಂದಾಯಿತು. ಪುಟ್ಟಮ್ಮಣ್ಣಿ ಕೂತಿದ್ದ ಕಲ್ಲನ್ನು ಬಳಸಿಕೊಂಡು ಹೋಯಿತು, ಅವಳ ಸೀರೆಯ ಅಂಚು ಕೂಡ ಒದ್ದೆಯಾಗಲಿಲ್ಲ. ಅಕ್ಕಿಮೂಟೆಗಳ ಮುಂದೆ ಒಂದು ಗೇಣು ದೂರದಲ್ಲೇ ತಿರುಗಿತು. ಬಿದ್ದ ಅಗುಳು, ಸಾಸಿವೆ, ಸಿಪ್ಪೆ, ಎಲ್ಲವನ್ನೂ ಗುಡಿಸಿಕೊಂಡು ಗೋಡೆ ಬುಡದ ಕಂಡಿಯೊಳಗೆ ಇಳಿದುಹೋಯಿತು.

ಹಿಂದೆ ಒಂದು ಹನಿ ನಿಂತಿರಲಿಲ್ಲ.

ಮರಿದೇವ ಗೋಡೆ ಬುಡಕ್ಕೆ ಬಗ್ಗಿ ನೋಡಿದ. ಆ ಕಂಡಿಯನ್ನು ಅವನು ಇಲಿಯ ಬಿಲ ಎಂದುಕೊಂಡಿದ್ದ. ಸಿಮೆಂಟಿನಿಂದ ಮುಚ್ಚಿಸಬೇಕೆಂದು ನಕ್ಷೆಯಲ್ಲಿ ಗುರುತು ಬೇರೆ ಹಾಕಿದ್ದ.

ಹಿತ್ತಲಿಗೆ ಓಡಿದ. ಕಂಡಿಯಿಂದ ಬಂದ ನೀರು ಕಲ್ಲಿನ ಸಣ್ಣ ಕಾಲುವೆಯಲ್ಲಿ ಹರಿದು ಬಾಳೆಯ ಹಿಂಡಿಲಿಗೆ ಸೇರುತ್ತಿತ್ತು. ಒಂದು ಬುಡ ನೆನೆದ ಮೇಲೆ ಮುಂದಿನ ಬುಡ, ಅದು ನೆನೆದ ಮೇಲೆ ಮತ್ತೊಂದು. ಅವನು ಮಣ್ಣಿನಲ್ಲಿ ಮಂಡಿಯೂರಿ ಕೊನೆಯ ಬುಡದ ತನಕ ನೋಡಿದ. ದಿನಾ ಪಂಕ್ತಿಗೆ ಎಲೆ ಕೊಯ್ಯುತ್ತಿದ್ದುದು ಈ ಬಾಳೆಯಿಂದಲೇ. ಇಷ್ಟು ದಿನ ಅವನು ಉಂಡಿದ್ದೂ ಈ ಎಲೆಯ ಮೇಲೇ.

ಪುಟ್ಟಮ್ಮಣ್ಣಿ ಹಿಂದೆಯೇ ಬಂದಿದ್ದಳು.

“ಈ ಬಾಳೆಗೆ ಯಾರು ನೀರು ಹಾಕ್ತಾರೆ ಅವ್ವ?”

“ಯಾರೂ ಇಲ್ಲ. ಉಂಡವರ ನೀರೇ ಎಲೆಯಾಗುತ್ತೆ. ನಾನು ಈ ಮಠಕ್ಕೆ ಬಂದಾಗಿನಿಂದ ಹಿಂಗೇ.”

“ಒಂದು ಮಾತು ಹೇಳಬಾರದಿತ್ತಾ?”

“ನೀವು ಗೋಡೆ ಅಳೆದ್ರಿ, ಬಾಗಿಲು ಅಳೆದ್ರಿ. ನನ್ನನ್ನ ಎಲ್ಲಿ ಕೇಳಿದ್ರಿ?”

ಅವನು ತಲೆ ತಗ್ಗಿಸಿಕೊಂಡು ಒಳಗೆ ಬಂದ. ಕಾಲಿಗೆ ಮೆಟ್ಟು ಇರಲಿಲ್ಲ. ಆದರೂ ಆ ಕಲ್ಲುಗಳ ಮೇಲೆ ಕಾಲಿಡಲು ಅವನಿಗೆ ಭಯವಾಯಿತು. ಬಗ್ಗಿ ಅಂಗೈಯಿಂದ ಸವರಿದ. ಕಣ್ಣಿಗೆ ಕಾಣದ ಇಳಿಜಾರು ಕೈಗೂ ಸಿಗಲಿಲ್ಲ.

“ದೊಡ್ಡ ತಪ್ಪು ಮಾಡ್ತಿದ್ದೆ ಬುದ್ಧಿ. ನಾಳೆ ಇಷ್ಟು ಹೊತ್ತಿಗೆ ಇದೆಲ್ಲಾ ಪುಡಿಪುಡಿ ಆಗಿರ್ತಿತ್ತು.”

ಸ್ವಾಮಿಗಳು ಖಾಲಿ ಕೊಡವನ್ನೆತ್ತಿ ಮೂಲೆಗಿಟ್ಟರು.

“ಹಂಗಾದರೆ ನಲ್ಲಿ ಬೇಡ ಅಂತೀರಾ?”

“ಅದನ್ನ ಪುಟ್ಟಮ್ಮಣ್ಣಿಯ ಸೊಂಟವನ್ನ ಕೇಳು.”

ಮರಿದೇವ ಹೊಸ ಹಾಳೆ ತೆಗೆದ. ಈ ಸಲ ಪುಟ್ಟಮ್ಮಣ್ಣಿಯನ್ನು ಪಕ್ಕದಲ್ಲಿ ಕೂರಿಸಿಕೊಂಡ. ಪೈಪುಗಳೆಲ್ಲಾ ಗೋಡೆಯ ಮೇಲೆ ಬಂದವು. ಆರು ನಲ್ಲಿ ನಾಲ್ಕಾದವು. ನಾಲ್ಕರ ನೀರೂ ಬಿದ್ದಲ್ಲಿಂದ ತನ್ನ ಹಳೇ ದಾರಿಯನ್ನೇ ಹಿಡಿಯುವ ಹಾಗೆ ಜಾಗ ತೋರಿಸಿದವಳು ಅವಳು. ಹಾರೆ, ಸುತ್ತಿಗೆ ತರಬೇಡಿ ಎಂದು ಕೆಲಸದವರಿಗೆ ಹೇಳಿ ಕಳಿಸಿದ್ದೂ ಆಯಿತು.

ಅದಾದ ಮೇಲೂ ಅವನಿಗೆ ನೆಲದಿಂದ ಕಣ್ಣು ಕೀಳಲಾಗಲಿಲ್ಲ.

“ಬುದ್ಧಿ, ಇದನ್ನ ಹಾಸಿದವರು ಯಾರು?”

“ಗೊತ್ತಿಲ್ಲ. ನಮ್ಮ ಗುರುಗಳಿಗೂ ಗೊತ್ತಿರಲಿಲ್ಲ.”

“ಎಂಥಾ ಕೈ ಇರಬೇಕು ಅದು. ಇಂಥವರನ್ನ ಮರೆತುಬಿಡೋದು ಅನ್ಯಾಯ. ಅವರ ನೆನಪಿಗೆ ಈ ನೆಲದ ಕಲ್ಲಿನ ಮೇಲೆ ಎರಡು ಸಾಲು ಕೆತ್ತಿಸಲಾ?”

ಸ್ವಾಮಿಗಳು ಅವನ ಪಕ್ಕ ಬಂದು ಕೂತರು. ಅವನು ಸವರಿದ ಕಲ್ಲನ್ನು ತಾವೂ ಒಮ್ಮೆ ಸವರಿದರು.

“ಕೆತ್ತಿಸಪ್ಪ. ಅಕ್ಷರದಲ್ಲಿ ನೀರು ನಿಲ್ಲದ ಹಾಗೆ ನೋಡಿಕೋ.”