ಗಾಡಿಯವನ ಪಾಲಿನ ಸುಣ್ಣ

ಚೌರಪ್ಪ ಒಂದು ದಿನ ತನ್ನ ಗುರುಗಳಾದ ಇನ್ನಾಸಪ್ಪ ಸ್ವಾಮಿಗಳನ್ನು ಕೇಳಿದ: “ಗುರುಗಳೇ, ವೈರಿಗೆ ಒಳ್ಳೆಯದು ಮಾಡು ಎಂದು ಯೇಸುಸ್ವಾಮಿ ಹೇಳಿದರು. ನಾನು ಮೂರು ವರ್ಷದಿಂದ ಮಾಡುತ್ತಿದ್ದೇನೆ. ನನ್ನ ಮೇಲೆ ಸುಳ್ಳು ಸಾಕ್ಷಿ ಹೇಳಿದವನು ಬಂದು ಏನು ಕೇಳಿದರೂ ಕೊಡುತ್ತೇನೆ. ತೆಗೆದುಕೊಂಡು ಹೋಗುತ್ತಾನೆ, ಒಂದು ಒಳ್ಳೆಯ ಮಾತಿಲ್ಲ. ಇನ್ನೆಷ್ಟು ದಿನ ಹೀಗೆ ಕೊಡಲಿ?”

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಸುಣ್ಣ ಸುಡುವವನೊಬ್ಬನಿದ್ದ. ಆ ಊರಿನ ಕ್ರೈಸ್ತರಲ್ಲಿ ಒಂದು ಪದ್ಧತಿಯಿತ್ತು. ಸತ್ತವರನ್ನು ನೆನೆಯುವ ಹಬ್ಬ ಬಂತೆಂದರೆ ಪ್ರತಿ ಮನೆಯವರೂ ತಮ್ಮವರ ಸಮಾಧಿಗೆ ಸುಣ್ಣ ಬಳಿಯಬೇಕು. ತಮ್ಮವರದಕ್ಕೆ ಮಾತ್ರ, ಬೇರೆಯವರ ಸಮಾಧಿಯನ್ನು ಮುಟ್ಟುವಂತಿಲ್ಲ. ಹಬ್ಬದ ದಿನ ಒಂದು ಸಮಾಧಿ ಕಪ್ಪಾಗಿ ಉಳಿಯಿತೆಂದರೆ, ಅದರಲ್ಲಿರುವವರಿಗೆ ಅಳುವವರು ಯಾರೂ ಉಳಿದಿಲ್ಲ ಎಂದರ್ಥ. ಸಮಾಧಿಗೆಂದು ಯಾರೇ ಕೇಳಿದರೂ ಸುಣ್ಣದವನು ಇಲ್ಲ ಎನ್ನಬಾರದು, ದುಡ್ಡೂ ಕೇಳಬಾರದು.

ಈ ಸುಣ್ಣದವನಿಗೆ ಹೆಂಡತಿಯೊಬ್ಬಳೇ ಬಂಧು ಬಳಗ. ಅವಳಿಗೆ ಹೆರಿಗೆ ಕಷ್ಟವಾದ ದಿನ ಅವನು ಆಸ್ಪತ್ರೆಗೆ ಗಾಡಿ ಕೇಳಲು ನೆರೆಯ ಗಾಡಿಯವನ ಹತ್ತಿರ ಓಡಿದ. ಗಾಡಿಯವನು ಸಂತೆಗೆ ಹೊರಟು ನಿಂತಿದ್ದ. “ಹೇರು ಹಾಕ್ಬುಟ್ಟಿವ್ನಿ ಕಣಣ್ಣ, ಇಳಿಸ್ಬುಟ್ಟು ಬಿರ್‍ರನೆ ಬತ್ತೀನಿ” ಎಂದ. ಬಿರ್‍ರನೆ ಎಂದವನು ಹೊತ್ತು ಇಳಿಯುವಾಗ ಬಂದ. ಅಷ್ಟರಲ್ಲಿ ಅವಳೂ ಹೋಗಿದ್ದಳು, ಹೊಟ್ಟೆಯ ಮಗುವೂ ಹೋಗಿತ್ತು.

ಅಂದಿನಿಂದ ಸುಣ್ಣದವನು ಗಾಡಿಯವನ ಮುಖ ನೋಡಲಿಲ್ಲ. ಬರಬರುತ್ತ ಬೇರೆಯವರ ಜೊತೆಗೂ ಮಾತು ನಿಂತಿತು. ಸುಣ್ಣ ಸುಡುವ ಗೂಡು, ಗುಡಿಸಲು, ಭಾನುವಾರದ ಬಲಿಪೂಜೆ, ಇಷ್ಟೇ ಅವನ ಬಾಳು. ಕೆಲವು ದಿನ ತನ್ನ ದನಿ ತನಗೇ ಕೇಳದೆ ಹೊತ್ತು ಮುಳುಗುತ್ತಿತ್ತು. ಅವನಿಗೆ ಉಳಿದದ್ದು ಒಂದೇ ಹಟ: ತಾನು ಬದುಕಿರುವ ತನಕ ಅವಳ ಸಮಾಧಿ ಒಂದು ಹಬ್ಬಕ್ಕೂ ಕಪ್ಪಾಗಿರಬಾರದು.

ಎರಡು ವರ್ಷದ ಮೇಲೆ ಗಾಡಿಯವನ ಒಬ್ಬಳೇ ಮಗಳು ತೀರಿಕೊಂಡಳು. ಅವಳನ್ನು ಹೂಳಲು ಸಿಕ್ಕ ಜಾಗ ಸುಣ್ಣದವನ ಹೆಂಡತಿಯ ಮಗ್ಗುಲು. ಹಬ್ಬ ಹತ್ತಿರ ಬಂದಾಗ ಗಾಡಿಯವನು ಬುಟ್ಟಿ ಹಿಡಿದು ಗೂಡಿನ ಮುಂದೆ ನಿಂತ. ಪದ್ಧತಿ ಪದ್ಧತಿಯೇ, ಸುವಾರ್ತೆಯ ಮಾತೂ ಸುಣ್ಣದವನಿಗೆ ಗೊತ್ತಿತ್ತು. ಬುಟ್ಟಿ ತುಂಬಿಸಿ ಕೊಟ್ಟ. ಆದರೆ ತುಂಬಿಸಿದ್ದು ಗೂಡಿನ ಅಂಚಿನಲ್ಲಿ ಅರೆಬೆಂದು ಉಳಿದ ಕಲ್ಲನ್ನು. ಚೆನ್ನಾಗಿ ಬೆಂದ ಕಲ್ಲು ನೀರು ಬಿದ್ದರೆ ಅರಳಿ ಬೆಣ್ಣೆಯಾಗುತ್ತದೆ. ಅರೆಬೆಂದದ್ದು ತರಿತರಿಯಾಗಿಯೇ ಉಳಿದು, ಬಳಿದ ಎರಡು ದಿನಕ್ಕೆ ಉದುರುತ್ತದೆ. ನೋಡುವವರ ಕಣ್ಣಿಗೆ ಬುಟ್ಟಿ ತುಂಬಿತ್ತು. ವೈರಿಗೂ ಕೊಟ್ಟೆಯಲ್ಲ ಎಂದು ಪಾದ್ರಿಗಳು ಮೆಚ್ಚಿಕೊಂಡರು. ಅವನೂ ವಿನಯದಿಂದ ತಲೆ ಬಾಗಿಸಿದ. ಆ ವಿನಯವೂ ಅರೆಬೆಂದದ್ದೇ ಅನ್ನಿ.

ಪ್ರತಿ ಹಬ್ಬಕ್ಕೂ ಹೀಗೇ ನಡೆಯಿತು. ಗಾಡಿಯವನು ಬುಟ್ಟಿ ಹೊತ್ತುಕೊಂಡ ಮೇಲೂ ಒಂದು ಗಳಿಗೆ ನಿಂತೇ ಇರುತ್ತಿದ್ದ. ಸುಣ್ಣದವನು ಬೆನ್ನು ತಿರುಗಿಸಿ ಗೂಡಿಗೆ ಸೌದೆ ಒಟ್ಟುತ್ತಿದ್ದ. ಬೆನ್ನಿನ ಜೊತೆ ಯಾರು ತಾನೇ ಮಾತಾಡಿಯಾರು? ಗಾಡಿಯವನು ಬಂದ ದಾರಿ ಹಿಡಿಯುತ್ತಿದ್ದ.

ಹತ್ತನೆಯ ವರ್ಷ ಎಲ್ಲರ ಬುಟ್ಟಿ ತುಂಬಿಸಿ, ಗಾಡಿಯವನಿಗೆ ಎಂದಿನಂತೆ ಅಂಚಿನ ಕಲ್ಲು ಕೊಟ್ಟು ಕಳಿಸಿ, ಸುಣ್ಣದವನು ಜ್ವರ ಹಿಡಿದು ಮಲಗಿದ. ಊರವರೆಲ್ಲ ತಂತಮ್ಮ ಸಮಾಧಿಗಳ ಕೆಲಸದಲ್ಲಿದ್ದರು. ಅವನನ್ನು ಯಾರೂ ನೆನೆಯಲಿಲ್ಲ. ನೆನೆಯುವ ಹಾಗೆ ಅವನು ಬಾಳಿರಲೂ ಇಲ್ಲ. ಹಬ್ಬದ ಬೆಳಿಗ್ಗೆ ಪೂಜೆಯ ಗಂಟೆ ಕೇಳಿತು. ಏಳಲು ಹೋಗಿ ಕುಸಿದ. ಅಷ್ಟೊಂದು ಬಿಳಿಯ ನಡುವೆ ಅವಳದೊಂದೇ ಕಪ್ಪಗಿದೆ ಎಂದುಕೊಂಡು, ಗೋಡೆಗೆ ಮುಖ ಮಾಡಿ ಅತ್ತ.

ಮಧ್ಯಾಹ್ನ ಜ್ವರ ಇಳಿಯಿತು. ಅವಳಿಗೆಂದು ಎತ್ತಿಟ್ಟಿದ್ದ ಒಳ್ಳೆಯ ಸುಣ್ಣದ ಗಡಿಗೆ ಹಿಡಿದು, ಕೋಲೂರಿಕೊಂಡು ಹೋದ.

ಅವಳ ಸಮಾಧಿ ಬೆಳ್ಳಗಿತ್ತು. ಅವನು ಕೈಯಿಟ್ಟು ನೋಡಿದ. ಅಂಗೈಗೆ ತರಿತರಿ ಸುಣ್ಣ ಹತ್ತಿತು. ಅಂಥ ಸುಣ್ಣವನ್ನು ಅವನು ಊರಿನಲ್ಲಿ ಒಬ್ಬನಿಗೆ ಮಾತ್ರ ಕೊಟ್ಟಿದ್ದ. ಮಗ್ಗುಲಿನ ಚಿಕ್ಕ ಸಮಾಧಿ ತಲೆಯ ಕಡೆ ಅರ್ಧ ಮಾತ್ರ ಬಿಳಿಯಾಗಿತ್ತು. ಅದರ ಕಾಲ ಕಡೆ ಗಾಡಿಯವನು ಕೂತಿದ್ದ.

“ನಿನ್ ಮಗೀಗೇ ಸಾಲ್ಲಿಲ್ವಲ್ಲ” ಎಂದ ಸುಣ್ಣದವನು. ಹೆಂಡತಿ ಸತ್ತ ಮೇಲೆ ಅವನ ಜೊತೆ ಆಡಿದ ಮೊದಲ ಮಾತು ಅದು.

“ಇರ್ಲಿ ಕಣಣ್ಣ. ನೀನು ಮಲಗಿದ್ದೀಯೆ ಅಂದ್ರು. ಅತ್ತಿಗೆ ಒಬ್ರೇ ಕರ್‍ರಗೆ ಉಳ್ಕೋಬಾರ್ದು ಅಂತ ಅರ್ಧ ಅಲ್ಲಿಗಾಕ್ದೆ. ಹೆಂಗಿದ್ರೂ ಎರಡು ದಿನ ನಿಲ್ಲೋ ಸುಣ್ಣ.”

ದನಿಯಲ್ಲಿ ಕೊಂಕಿರಲಿಲ್ಲ. ಸುಣ್ಣದವನು ನಾಚಿಕೆಯಿಂದ ಹಿಡಿಯಷ್ಟಾದ. ಅವನು ಗಡಿಗೆಯನ್ನು ಚಿಕ್ಕ ಸಮಾಧಿಯ ಹತ್ತಿರ ಇಳಿಸಿ, ಉಳಿದರ್ಧಕ್ಕೆ ಸುಣ್ಣ ಬಳಿಯತೊಡಗಿದ.

ಗುರುಗಳು ಕತೆ ನಿಲ್ಲಿಸಿದರು. ಚೌರಪ್ಪ ಕೇಳಿದ: “ಗಾಡಿಯವನು ವಾರವಾರವೂ ಸಂತೆಗೆ ಹೋಗುವವನು. ಒಳ್ಳೆಯ ಸುಣ್ಣವನ್ನು ಅಲ್ಲೇ ತರಬಹುದಿತ್ತು. ಇದು ನಿಲ್ಲುವುದಿಲ್ಲ ಎಂದು ಗೊತ್ತಿದ್ದೂ ಹತ್ತು ವರ್ಷ ಅಲ್ಲಿಗೇ ಏಕೆ ಬಂದ?”

ಗುರುಗಳು ಹೇಳಿದರು: “ಆ ಬಾಗಿಲಿಗೆ ಬರಲು ಅವನಿಗೆ ಬೇರೆ ನೆಪ ಎಲ್ಲಿತ್ತು, ಚೌರಪ್ಪ?”