ತವಡಿಗೆ ಮಾರಿದ ಕೂಸು

ಬೆಳವಡಗಿಯ ಊರಹೊರಗೆ, ಡೋಣಿ ಹೊಳೆಗೆ ಇಳಿಯುವ ದಾರಿಯ ಎಡಕ್ಕೆ, ಪೂಜ್ಯ ಸಾತಯ್ಯ ಅಜ್ಜನವರ ಗುಡಿಸಲಿತ್ತು. ಭಕ್ತರು ಅದನ್ನು ಮಠವೆನ್ನುತ್ತಿದ್ದರು. ಆದರೆ ಅಲ್ಲಿ ಗದ್ದುಗೆಯೂ ಇರಲಿಲ್ಲ, ಪಲ್ಲಕ್ಕಿಯೂ ಇರಲಿಲ್ಲ. ಒಂದು ಆಕಳು, ಒಂದು ಬೇವಿನ ಮರ, ಪುಂಡಿ ನಾರಿನ ನಾಲ್ಕು ಹೊರೆ, ಅಷ್ಟೇ. ಅಜ್ಜನವರು ಬೆಳಗಿನ ಲಿಂಗಪೂಜೆ ಮುಗಿಸಿ ಹಗಲೆಲ್ಲ ಹಗ್ಗ ಹೊಸೆಯುತ್ತಿದ್ದರು. ಸುತ್ತಲ ಏಳು ಹಳ್ಳಿಗಳ ಬಾವಿಗೆ ಅವರ ಹಗ್ಗವೇ ಇಳಿಯುತ್ತಿತ್ತು. ತಾಯಿತ ಬೇಡಿ ಬಂದವರಿಗೆ ಅವರು ತಾಯಿತ ಕೊಟ್ಟದ್ದನ್ನು ಕಂಡವರಿಲ್ಲ. ಹುರಿಯ ಒಂದು ತುದಿ ಕೊಟ್ಟು ಹಿಡಿದುಕೊಳ್ಳಲು ಹೇಳುತ್ತಿದ್ದರು.

ಖರ ಸಂವತ್ಸರದ ಆಶ್ವೀಜ ಬಹುಳ ಪಂಚಮಿ, ಶನಿವಾರ. ಗಾಣಿಗರ ಓಣಿಯ ನೀಲವ್ವ ಸೆರಗಿನಲ್ಲಿ ಒಂದು ಸೇರು ತವಡು ಕಟ್ಟಿಕೊಂಡು ಆ ಗುಡಿಸಲಿಗೆ ಬಂದಳು. ಮುಂದಿನದು ಆಕೆ ತಾನೇ ಹೇಳಿದ್ದು.

ನೀಲವ್ವ ಹೆತ್ತ ಮೊದಲ ಮೂರು ಕೂಸುಗಳು ತಿಂಗಳು ತುಂಬುವ ಮೊದಲೇ ಹೋಗಿದ್ದವು. ನಾಲ್ಕನೆಯದು ಹೆಣ್ಣು ಹುಟ್ಟಿದಾಗ ಅತ್ತೆ ಚಂದ್ರವ್ವ ಹಿಂದಿನಿಂದ ಬಂದ ಪದ್ಧತಿಯಂತೆ ನಡೆದಳು. ಕೂಸನ್ನು ಮೊರದಲ್ಲಿ ಮಲಗಿಸಿ, ತಿಪ್ಪೆಯ ಮೇಲೆ ಮೂರು ಸಲ ಉರುಳಿಸಿ, ಗೋಡೆಯಾಚೆಯ ಮಾಳವ್ವನಿಗೆ ಒಂದು ಸೇರು ತವಡಿಗೆ ಮಾರಿದಳು. ಮಾಳವ್ವನ ಮೂರು ಗಂಡುಮಕ್ಕಳೂ ಗಟ್ಟಿಯಾಗಿ ಉಳಿದಿದ್ದರು. ಮಕ್ಕಳು ಬದುಕುವ ಮನೆಯ ಕೂಸೆಂದು ತಿಳಿದು ಸಾವು ಮುಂದಕ್ಕೆ ಹೋಗಲಿ ಎಂಬುದು ಲೆಕ್ಕಾಚಾರ. ತಿಪ್ಪವ್ವ ಎಂದು ಹೆಸರಿಟ್ಟರು. ಕೂಸು ಬೆಳೆದದ್ದು ನೀಲವ್ವನ ಮನೆಯಲ್ಲಿಯೇ, ಮೊಲೆಯುಂಡದ್ದು ನೀಲವ್ವನದೇ. ಆದರೆ ಅವ್ವ ಎಂದು ಕರೆಯುವುದು ಮಾಳವ್ವನನ್ನು, ಹೆತ್ತವಳನ್ನು ಕರೆಯುವುದು ನೀಲಕ್ಕ ಎಂದು. ಯಾರಾದರೂ ಕೂಸು ಚಂದ ಅದ ಎಂದರೆ ನೀಲವ್ವ ಗಾಬರಿಯಿಂದ, ಅದು ನಮ್ಮದಲ್ಲ, ತಿಪ್ಪೆಯ ಮೇಲಿಂದು ಎಂದುಬಿಡುತ್ತಿದ್ದಳು. ಮಾಳವ್ವ ಮಾತ್ರ ಗೋಡೆಯ ಮೇಲಿಂದ ಇಣುಕಿ ನಗುತ್ತಿದ್ದಳು: "ನನ್ನ ಕೂಸು ನಿನ್ನ ಮನಿ ರೊಟ್ಟಿ ತಿಂತೈತಿ. ನನ್ನಷ್ಟು ಪುಣ್ಯ ಯಾರು ಮಾಡ್ಯಾರವಾ."

ಮಾರಿದ ಕೂಸನ್ನು ಮರಳಿ ಕೊಳ್ಳುವ ವಿಧಿಯನ್ನು ಹೇಳಿಕೊಡದೆ ಚಂದ್ರವ್ವ ತೀರಿಕೊಂಡಳು. ಒಬ್ಬರು ಮದುವೆಯ ಹಂದರದಲ್ಲಿ ಎಂದರು, ಇನ್ನೊಬ್ಬರು ಮೈನೆರೆದ ಮೇಲೆ ಎಂದರು. ಹೆಚ್ಚುಕಡಿಮೆಯಾದರೆ ಎಂಬ ಅಂಜಿಕೆಯಲ್ಲಿ ಹನ್ನೊಂದು ವರ್ಷ ಕಳೆದವು. ಪಕ್ಕದ ಮನೆಯಿಂದ ಕೇಳಿಬರುವ ಅವ್ವಾ ಎಂಬ ಕೂಗನ್ನು ನೀಲವ್ವ ಮಾಡುವ ಕೆಲಸ ನಿಲ್ಲಿಸಿ ಕೇಳುತ್ತಿದ್ದಳು. ಒಮ್ಮೊಮ್ಮೆ ಯಾರೂ ಇಲ್ಲದಾಗ ತುಟಿಯಲ್ಲೇ ಓ ಎನ್ನುತ್ತಿದ್ದಳು.

ಆ ವರ್ಷ ಮಾಳವ್ವನ ಗಂಡನಿಗೆ ಸೊಲ್ಲಾಪುರದ ಗಿರಣಿಯಲ್ಲಿ ಕೆಲಸ ಸಿಕ್ಕಿತು. ದೀಪಾವಳಿಯ ಪಾಡ್ಯದ ಮರುದಿನ ಸಂಸಾರ ಸಮೇತ ಹೊರಡುವುದೆಂದು ಗೊತ್ತಾಯಿತು. ಅದನ್ನು ಕೇಳಿ ತಿಪ್ಪವ್ವ ತಾನು ಉಡುವ ಎರಡು ಪರಕಾರಗಳನ್ನು ಮಡಚಿ ಚೀಲದಲ್ಲಿಟ್ಟು ಗೂಟಕ್ಕೆ ತೂಗುಹಾಕಿದಳು. ಅಳಲಿಲ್ಲ, ಹಟ ಮಾಡಲಿಲ್ಲ. "ನಾನೂ ಅವ್ವನ ಜೋಡಿ ಹೋಗ್ತೀನಿ, ನೀಲಕ್ಕ," ಎಂದಳು. "ನಿಮ್ಮ ಮನ್ಯಾಗ ಭಾಳ ದಿನ ಇದ್ದೆ."

ಬೀಗರ ಮನೆಗೆ ಬಂದವರು ಹೇಳುವ ಹಾಗೆ ಹೇಳಿದಳು. ನೀಲವ್ವನ ಎದೆಯಲ್ಲಿ ಆ ಮಾತು ಮುರಿದ ಮುಳ್ಳಿನಂತೆ ನಿಂತಿತು. ಮಾರನೆಯ ದಿನ ತವಡು ಅಳೆದು ಕಟ್ಟಿಕೊಂಡು ಅಜ್ಜನವರಲ್ಲಿಗೆ ಬಂದಳು. ಕೊಳ್ಳುವ ದಿನ ಹೇಳಲಿ, ಕಾಯುವ ದಾರ ಮಂತ್ರಿಸಿ ಕೊಡಲಿ ಎಂಬುದು ಅವಳ ಬೇಡಿಕೆ.

ಅಜ್ಜನವರು ಎಂದಿನಂತೆ ಹುರಿಯ ತುದಿಯನ್ನು ಅವಳ ಕೈಗೆ ಕೊಟ್ಟು ಹಿಂದೆ ಸರಿಯಲು ಸನ್ನೆ ಮಾಡಿದರು. ಅವಳು ಇಪ್ಪತ್ತು ಹೆಜ್ಜೆ ಸರಿದು ಬೇವಿನ ಮರದಾಚೆ ನಿಂತಳು. ಏನು ಬೇಕಾಗಿತ್ತೆಂದು ಅವರು ಕೇಳಿದರು. ನೀಲವ್ವ ಈ ವಿಷಯವನ್ನು ಗಂಡನ ಮುಂದೆ ಸಹ ಪಿಸುಮಾತಿನಲ್ಲೇ ಆಡಿದವಳು. ಅದೇ ದನಿಯಲ್ಲಿ ಏನೋ ಅಂದಳು. ಅಜ್ಜನವರು ಕೇಳಿಸಲಿಲ್ಲವೆಂದರು. ಅವಳು ಹತ್ತಿರ ಬರಲು ಹೆಜ್ಜೆ ಇಟ್ಟಳು, ಹುರಿ ಸಡಿಲಾಗಿ ಬಿಚ್ಚತೊಡಗಿತು.

"ಬಿಗಿ ಹಿಡಿ. ಅಲ್ಲಿಂದನ ಹೇಳು," ಎಂದರು ಅಜ್ಜನವರು.

ಕೂಸಿನ ಸಲುವಾಗಿ ಬಂದಿದ್ದೇನೆ ಎಂದಳು.

"ಯಾರ ಕೂಸು?"

ಮಾಳವ್ವಂದು ಎಂಬ ಮಾತು ರೂಢಿಯಿಂದ ನಾಲಿಗೆಯ ತುದಿಗೆ ಬಂತು. ದಾರಿಯಲ್ಲಿ ಕೊಡ ಹೊತ್ತ ಹೆಂಗಸರು ಹೊಳೆಯಿಂದ ಏರಿ ಬರುತ್ತಿದ್ದರು. ಅವಳು ತಗ್ಗಿದ ದನಿಯಲ್ಲಿ ನಂದ್ರಿ ಎಂದಳು. ಅಜ್ಜನವರು ಮತ್ತೆ ಕೇಳಿಸಲಿಲ್ಲವೆಂದರು.

"ನನ್ನ ಮಗಳ ಸಲುವಾಗಿ ಬಂದೀನ್ರಿ, ಅಜ್ಜಾರ."

ಕೊಡ ಹೊತ್ತವರು ಹೊರಳಿ ನೋಡುವಷ್ಟು ಗಟ್ಟಿಯಾಗಿ ಬಂದಿತ್ತು ಆ ದನಿ. ನೀಲವ್ವ ಏಟು ಬೀಳುವುದನ್ನು ಕಾಯುವವಳಂತೆ ಕಣ್ಣು ಮುಚ್ಚಿದಳು. ಹುರಿ ಕಿರುಗುಟ್ಟುತ್ತಿತ್ತು. ಆಕಳು ಮೆಲುಕು ಹಾಕುತ್ತಿತ್ತು. ಬೇರೇನೂ ಆಗಲಿಲ್ಲ.

"ಸಾವಿಗೆ ಕಿವಿ ಇಲ್ಲವ್ವ," ಎಂದರು ಅಜ್ಜನವರು. "ಕೂಸಿಗೆ ಅದಾವ."

ನೀಲವ್ವ ಅತ್ತಳು. ಎರಡೂ ಕೈಯಲ್ಲಿ ಹುರಿ ಇದ್ದುದರಿಂದ ಕಣ್ಣೀರು ಒರೆಸಿಕೊಳ್ಳಲು ಆಗಲಿಲ್ಲ. ಒಂದು ಸಲವಾದರೂ ಆ ಬಾಯಿಂದ ಅವ್ವ ಅನ್ನಿಸಿಕೊಳ್ಳಬೇಕೆಂದು ಬೇಡಿಕೊಂಡಳು.

"ಕರೆಸಿಕೊಳ್ಳಾಕ ಬಂದೀ. ನೀ ಕರದೀ ಏನು?"

ಅವಳು ಹುರಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

"ಓ ಅನ್ನೂತನಕ ಕರಿ."

ಹುರಿ ಮುಗಿಯಿತು. ತವಡನ್ನು ಏನು ಮಾಡಲೆಂದು ಅವಳು ಕೇಳಿದಳು. ಅಜ್ಜನವರು ಆಕಳ ಕಡೆಗೆ ಕೈ ತೋರಿಸಿದರು.

ಮನೆಗೆ ಬಂದಾಗ ತಿಪ್ಪವ್ವ ಪಡಸಾಲೆಯಲ್ಲಿ ಬೇಳೆ ಹಸನು ಮಾಡುತ್ತಿದ್ದಳು. ನೀಲವ್ವ ಬಾಗಿಲಲ್ಲಿ ನಿಂತು ಮಗಳ ಎಂದು ಕರೆದಳು. ಹುಡುಗಿ ತಲೆಯೆತ್ತಿ, ಯಾರನ್ನು ಕರೆದರೆಂದು ತನ್ನ ಬೆನ್ನ ಹಿಂದೆ ನೋಡಿದಳು.

ನೀಲವ್ವ ಅಂದು ಸಂಜೆಯೂ ಕರೆದಳು, ಮರುದಿನವೂ ಕರೆದಳು. ಹುಡುಗಿ ಏನು ಕೆಲಸವೆಂದು ಬಂದು ನಿಲ್ಲುತ್ತಿದ್ದಳು, ಓ ಎನ್ನುತ್ತಿರಲಿಲ್ಲ. ಮೂರನೆಯ ದಿನ ಅವಳ ಮೈ ಕಾದಿತು. ಓಣಿಯ ಮುದುಕಿಯರು ಬಂದು ಕೂತರು. ನೀಲವ್ವ ಬಾಯಿ ಬಿಟ್ಟು ನನ್ನ ಮಗಳೆಂದಳು, ಈಗ ಅದರ ಫಲ ಉಣ್ಣುತ್ತಾಳೆ ಎಂದರು. ಮೊರ ತಂದು ಮತ್ತೆ ತಿಪ್ಪೆಗೆ ಒಯ್ಯಿರಿ, ಅಜ್ಜನಿಗೇನು ಹೆತ್ತ ಹೊಟ್ಟೆ ಐತೇನು ಎಂದರು. ನೀಲವ್ವನ ಕೈ ಮೊರದ ಕಡೆಗೆ ಹೋಯಿತು ಸಹ. ಮೂರು ಕೂಸುಗಳನ್ನು ಹೂಳಿದ ಸಣ್ಣ ಕುಣಿಗಳನ್ನು ಕಂಡವಳು ಆಕೆ. ಆದರೆ ಮೊರವನ್ನು ತೆಗೆದು ಬಾಗಿಲ ಹಿಂದಿಟ್ಟು, ಒದ್ದೆ ಅರಿವೆಯಿಂದ ಹಣೆ ಒರೆಸುತ್ತ, ಮುದುಕಿಯರಿಗೆ ಕೇಳಿಸುವಂತೆ ಮಗಳ, ಮಗಳ ಎಂದು ಕರೆಯುತ್ತಲೇ ಕೂತಳು. ಎರಡು ದಿನಕ್ಕೆ ಜ್ವರ ಇಳಿಯಿತು. ಗಂಜಿ ಕುಡಿಯುತ್ತ ಹುಡುಗಿ ಬಟ್ಟಲಿನಿಂದ ಮುಖ ಎತ್ತದೆ ಕೇಳಿದಳು:

"ನನ್ನ ಯಾಕ ಮಾರಿದ್ರಿ?"

"ಉಳೀಲಿ ಅಂತ."

ಹುಡುಗಿ ಗಂಜಿಯನ್ನು ಕಡೆಯ ಗುಟುಕಿನವರೆಗೂ ಕುಡಿದು ಬಟ್ಟಲು ಕೆಳಗಿಟ್ಟಳು. ಕಟ್ಟಿದ ಚೀಲ ಮಾತ್ರ ಬಿಚ್ಚದೆ ಗೂಟದಲ್ಲೇ ಉಳಿಯಿತು.

ಹಬ್ಬ ಮುಗಿಯಿತು. ಹೊರಡುವ ದಿನ ಬೆಳಗ್ಗೆ ಮಾಳವ್ವನ ಬಾಗಿಲಿಗೆ ಬಂಡಿ ಬಂತು. ತಡೆಯುವ ಹಕ್ಕು ತನಗಿಲ್ಲವೆಂದು ತಿಳಿದು ನೀಲವ್ವ ತಾನೇ ಚೀಲ ಇಳಿಸಿ, ನಾಲ್ಕು ರೊಟ್ಟಿ, ಗುರೆಳ್ಳು ಚಟ್ನಿ ಕಟ್ಟಿ ಕಟ್ಟೆಯ ಮೇಲಿಟ್ಟಳು. ಮಾಳವ್ವ ಬಂದು ಅದನ್ನು ನೋಡಿದಳು, ನೀಲವ್ವನ ಮುಖ ನೋಡಿದಳು. ನಗಲಿಲ್ಲ. ರೊಟ್ಟಿಯ ಗಂಟನ್ನಷ್ಟೇ ಎತ್ತಿಕೊಂಡು, "ದಾರ್‍ಯಾಗ ನನಗ ಹಸಿವು ಭಾಳವಾ," ಎಂದು ಹೊರಟುಹೋದಳು. ಚೀಲ ಕಟ್ಟೆಯ ಮೇಲೆ ಉಳಿಯಿತು. ಹುಡುಗಿ ಬಂದು ಅದನ್ನು ಎತ್ತಿಕೊಳ್ಳುವುದನ್ನು ನೋಡಲಾರದೆ ನೀಲವ್ವ ಒಳಗೆ ಹೋಗಿ ಒಲೆಯ ಮುಂದೆ ಕೂತಳು. ಬಂಡಿಯ ಎತ್ತುಗಳ ಗೆಜ್ಜೆ ಅಲುಗಿತು. ಹತ್ತು ಹನ್ನೆರಡು ದಿನದ ರೂಢಿಯಲ್ಲಿ ಅವಳ ಬಾಯಿ ತಾನಾಗಿ ಕರೆಯಿತು:

"ಮಗಳ."

"ಓ. ಬಂದೆ, ಅವ್ವಾ."

ದನಿ ಹಿತ್ತಲಿನಿಂದ ಬಂದಿತ್ತು. ಗಾಣದ ಎತ್ತಿಗೆ ಹಿಂಡಿ ಕಲಸುತ್ತಿದ್ದ ತಿಪ್ಪವ್ವ ಒದ್ದೆ ಕೈಯಲ್ಲೇ ಒಳಬಾಗಿಲಿಗೆ ಬಂದು ನಿಂತಳು.

"ಯಾಕ ಕರದಿ?"

ನೀಲವ್ವನಿಗೆ ಎಷ್ಟು ಯೋಚಿಸಿದರೂ ಕಾರಣ ಹೊಳೆಯಲಿಲ್ಲ.

"ಏನಿಲ್ಲ," ಎಂದಳು. "ಹಂಗ ಕರದೆ."