ಮಣ್ಣಕ್ಕನ ಹಿಂದಿನ ಗೋಡೆ

ಮಕ್ಕಳೇ, ಒಂದು ಕುರುಚಲು ಕಾಡಿನ ನಡುವೆ ಒಂದು ಕೆರೆ ಇತ್ತು. ಕೆರೆ ಅಂದಮೇಲೆ ಏರಿ ಇರಲೇಬೇಕಲ್ಲ, ಅದೂ ಇತ್ತು. ನೀರು ಹರಿದುಹೋಗದಂತೆ ಯಾವ ಕಾಲದಲ್ಲೋ ಯಾರೋ ಹಾಕಿದ ಮಣ್ಣಿನ ಉದ್ದನೆಯ ದಿಬ್ಬ ಅದು. ಏರಿಯ ಒಳಮೈಯಲ್ಲಿ ನೀರಿನವರು ಇದ್ದರು. ಏಡಿ, ಕಪ್ಪೆ, ಆಮೆ, ಇಂಥವರು. ಹೊರಮೈಯಲ್ಲಿ ಒಣನೆಲದವರು ಇದ್ದರು. ಹೆಗ್ಗಣ, ಮೊಲ, ಮುಂಗುಸಿ, ಇಂಥವರು. ನಡುವೆ ಏರಿಯ ನೆತ್ತಿ ಎಷ್ಟು ಅಗಲ ಗೊತ್ತೇ? ಮೊಲ ಆರು ಸಲ ಕುಪ್ಪಳಿಸಿದರೆ ಮುಗಿಯಿತು. ಆದರೂ ಈ ಕಡೆಯವರು ಆ ಕಡೆಗೆ, ಆ ಕಡೆಯವರು ಈ ಕಡೆಗೆ ಹೋದದ್ದನ್ನು ಕಂಡವರಿಲ್ಲ.

ಅಲ್ಲಿ ಒಂದು ಕಟ್ಟಳೆ ಇತ್ತು. ಏರಿಯ ಮೇಲಿನ ಬಿಸಿಲು ಬೆಳಗ್ಗೆ ಒಣನೆಲದವರಿಗೆ, ಸಂಜೆ ನೀರಿನವರಿಗೆ. ಒಬ್ಬರು ಇಳಿದು ಹೋದ ಮೇಲೆಯೇ ಇನ್ನೊಬ್ಬರು ಹತ್ತಬೇಕು. ಇದನ್ನು ಮಾಡಿದವರು ಯಾರು ಅಂತ ಕೇಳಿದರೆ ಎಲ್ಲರೂ ತಲೆ ಕೆರೆದುಕೊಳ್ಳುತ್ತಿದ್ದರು. ಬಿಟ್ಟುಬಿಡೋಣವೇ ಅಂತ ಕೇಳಿದರೆ ಮಾತ್ರ ಕೆರೆಯುವುದನ್ನು ನಿಲ್ಲಿಸಿ ಕಣ್ಣು ಕೆಂಪಗೆ ಮಾಡುತ್ತಿದ್ದರು.

ಹೊರಮೈಯ ನಟ್ಟನಡುವೆ ಮಣ್ಣಕ್ಕ ಎಂಬ ಹೆಗ್ಗಣದ ಬಿಲ ಇತ್ತು. ಅವಳಿಗೆ ಮೂರು ಮರಿಗಳು. ಹುಟ್ಟಿ ವಾರವಾಗಿತ್ತು, ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಬಿಲದ ಕೊನೆಯಲ್ಲಿ ಸ್ವಲ್ಪ ತಗ್ಗಾದ ಕೋಣೆಯೊಂದರಲ್ಲಿ ಒಣಹುಲ್ಲು ಹಾಸಿ ಅವುಗಳನ್ನು ಮಲಗಿಸಿದ್ದಳು. ಮರಿಗಳು ಬೆಳೆಯುತ್ತವೆ, ಜಾಗ ಸಾಲದು ಅಂತ ಒಂದು ದಿನ ಅವಳು ಹಿಂದಿನ ಗೋಡೆಯನ್ನು ಕೆರೆಯತೊಡಗಿದಳು. ಕರಕರ ಕರಕರ.

ಗೋಡೆಯ ಆಚೆಯಿಂದಲೂ ಕರಕರ ಅಂತ ಸದ್ದು ಬಂತು!

ಮಣ್ಣಕ್ಕ ನಿಲ್ಲಿಸಿದಳು. ಅದೂ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಅವಳು ಸುಮ್ಮನೆ ಕೂತಿರುವಾಗಲೇ ಮತ್ತೆ ಶುರುವಾಯಿತು. ಅವಳ ಮೀಸೆಯೆಲ್ಲ ನಿಮಿರಿತು. ನೆಟ್ಟಗೆ ಪಕ್ಕದ ಪೊದೆಯ ಮೊಲ ಕಿವಿಯಮ್ಮನ ಹತ್ತಿರ ಓಡಿದಳು.

"ಅದು ನಿನ್ನದೇ ಸದ್ದು ಕಣೇ," ಎಂದಳು ಕಿವಿಯಮ್ಮ. "ಗೋಡೆಗೆ ತಾಗಿ ವಾಪಸು ಬರುತ್ತೆ."

"ನಾನು ಸುಮ್ಮನಿದ್ದಾಗಲೂ ಬರುತ್ತಲ್ಲ?"

"ಹಾಗಾದರೆ ಅದು ತಡವಾಗಿ ಬಂದ ಸದ್ದು."

ಮಣ್ಣಕ್ಕನಿಗೆ ಇದು ಸರಿ ಅನ್ನಿಸಲಿಲ್ಲ. ತಪ್ಪು ಅಂತ ಹೇಳುವುದಕ್ಕೂ ತೋಚಲಿಲ್ಲ. ಹೊರಮೈಯವರಿಗೆಲ್ಲ ಹಿರಿಯನಾದ ಮುಂಗುಸಿ ಶೇಷಪ್ಪಜ್ಜನ ಹತ್ತಿರ ಹೋದಳು. ಮುಂಗುಸಿಗೆ ಹಾವಿನ ಹೆಸರಿಟ್ಟ ಪುಣ್ಯಾತ್ಮರು ಯಾರೋ, ನನಗೂ ಗೊತ್ತಿಲ್ಲ.

"ಅಜ್ಜಾ, ನನ್ನ ಹಿಂದಿನ ಗೋಡೆಯ ಆಚೆ ಯಾರಿದ್ದಾರೆ?"

"ಯಾರೂ ಇಲ್ಲ. ಅಲ್ಲಿಗೆ ಊರು ಮುಗೀತು."

"ನೀರಿನವರು ಇರಬಹುದಾ?"

"ಅವರಾ! ಅವರು ದೂರ."

"ಎಷ್ಟು ದೂರ?"

"ಬಹಳ ದೂರ. ಇಷ್ಟು ವಯಸ್ಸಾದರೂ ನಾನೇ ಇನ್ನೂ ಹೋಗಿಲ್ಲ ಅಂದಮೇಲೆ ನೀನೇ ಯೋಚನೆ ಮಾಡು."

"ಮೇಲೆ ಹತ್ತಿದರೆ ಆರು ಕುಪ್ಪಳ ಅಷ್ಟೇ ಅಲ್ಲವಾ ಅಜ್ಜ?"

"ಅದು ಮೇಲಿನ ದೂರ. ಕೆಳಗಿನ ದೂರ ಬೇರೆ."

ಮಣ್ಣಕ್ಕ ಮೇಲೆ ನೋಡಿದಳು, ಕೆಳಗೆ ನೋಡಿದಳು. ಒಂದೇ ಏರಿಗೆ ಎರಡು ದೂರ ಹೇಗೆ ಅಂತ ಅವಳಿಗೆ ಹೊಳೆಯಲಿಲ್ಲ. "ಅಂದರೆ ನಾವೂ ಅವರೂ ಬೇರೆ ಬೇರೆ ಇದ್ದೀವಾ ಅಜ್ಜ?"

ಶೇಷಪ್ಪಜ್ಜನಿಗೆ ಬೇಸರವಾಯಿತು. "ಛೆ ಛೆ! ನಮ್ಮ ಏರಿಯಲ್ಲಿ ಬೇರೆ ಬೇರೆ ಅನ್ನೋ ಮಾತೇ ಇಲ್ಲ. ಎಲ್ಲರೂ ಒಂದೇ ಮನೆಯವರ ಹಾಗಿದ್ದೀವಿ. ನಾನು, ನೀನು, ಕಿವಿಯಮ್ಮ..."

"ಕಪ್ಪೆ? ಏಡಿ?"

"ಅವರೂ ಒಂದೇ ಮನೆಯವರ ಹಾಗಿದ್ದಾರೆ. ಅವರ ಪಾಡಿಗೆ ಅವರು."

"ಮತ್ತೆ ಅವರು ನಮ್ಮ ಜೊತೆ ಯಾಕೆ ಸೇರಲ್ಲ?"

"ಅವರಿಗೆ ಇಷ್ಟ ಇಲ್ಲ. ಇಷ್ಟ ಇದ್ದಿದ್ದರೆ ಬೆಳಗ್ಗೆ ಮೇಲೆ ಬರುತ್ತಿರಲಿಲ್ಲವಾ?"

"ಬೆಳಗ್ಗೆ ಬರಬಾರದು ಅಂತ ಕಟ್ಟಳೆ ಇದೆಯಲ್ಲ ಅಜ್ಜ?"

"ಅದೇ ನೋಡು. ಕಟ್ಟಳೆ ಮೀರಿ ಬರಲಿಲ್ಲ ಅಂದರೆ ಇಷ್ಟ ಇಲ್ಲ ಅಂತ ತಾನೇ ಅರ್ಥ?"

"ಮೀರಿ ಬಂದಿದ್ದರೆ?"

"ಮೀರಿ ಬಂದರೆ ಸೊಕ್ಕು ಅಂತ ಅರ್ಥ."

ಮಣ್ಣಕ್ಕನ ತಲೆ ಗೊಂದಲದ ಗೂಡಾಯಿತು. ಅವಳು ಹೊರಡುವಾಗ, ಅಷ್ಟು ಹೊತ್ತೂ ಪಕ್ಕದಲ್ಲೇ ನಿಂತು ಕೇಳುತ್ತಿದ್ದ ಕಿವಿಯಮ್ಮ ಹಿಂದೆಯೇ ಬಂದು ಪಿಸುಗುಟ್ಟಿದಳು: "ಅವರ ಸುದ್ದಿ ನಿನಗೆ ಬೇಡ ಕಣೇ. ಏಡಿಗಳು ಕಣ್ಣು ಬಿಡದ ಮರಿ ಕಂಡರೆ ಕತ್ತರಿಸಿ ಹಾಕ್ತಾವಂತೆ."

"ನೀನು ನೋಡಿದ್ದೀಯಾ?"

"ನೋಡೋಣ ಅಂದರೆ ಅವು ಸಿಗೋದಾದರೂ ಎಲ್ಲಿ? ಎಲ್ಲರೂ ಹೇಳ್ತಾರೆ."

ನೋಡಿ ಮಕ್ಕಳೇ, ಈ "ಎಲ್ಲರೂ ಹೇಳ್ತಾರೆ" ಅನ್ನುವ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಆದರೆ ತಾಯಿಯ ಮನಸ್ಸು ಅಲ್ಲವೇ? ಮರಿಗಳ ವಿಷಯಕ್ಕೆ ಬಂದಮೇಲೆ ಗಾಳಿಮಾತೂ ಒಳಗೆ ಇಳಿದು ಕೂತಿತು.

ಎರಡು ದಿನ ಕಳೆಯಿತು. ಮೂರನೆಯ ದಿನ ಹಿಂದಿನ ಗೋಡೆ ಒದ್ದೆಯಾಯಿತು. ಮುಟ್ಟಿದರೆ ಮಣ್ಣು ಅಂಟುತ್ತಿತ್ತು. ಮಣ್ಣಕ್ಕ ಹೆದರಿ ಎಲ್ಲರನ್ನೂ ಕರೆದು ತೋರಿಸಿದಳು.

"ಮರಿಗಳ ಉಸಿರಿನ ಬೆವರು," ಎಂದಳು ಕಿವಿಯಮ್ಮ.

"ನೀರಿನವರ ಕಿತಾಪತಿ," ಎಂದ ಶೇಷಪ್ಪಜ್ಜ.

"ಅವರು ದೂರ ಇದ್ದಾರೆ ಅಂದಿದ್ದೆಯಲ್ಲ ಅಜ್ಜ?"

"ದೂರದಿಂದಲೇ ಮಾಡ್ತಾರೆ. ನೀನು ಹೆದರಬೇಡ. ಇನ್ನೂ ಒಳಕ್ಕೆ ತೋಡು. ಒಳಗೆ ಹೋದಷ್ಟೂ ಮಣ್ಣು ಒಣಗಿರುತ್ತೆ. ಅದು ನಮ್ಮ ಹಿರಿಯರು ಕಂಡುಕೊಂಡ ಮಾತು."

ಆಚೆ ಯಾರೂ ಇಲ್ಲ ಅಂತ ನಂಬಿದವರು ಕೊಡುವ ಬುದ್ಧಿ ಇಂಥದ್ದೇ. ಮಣ್ಣಕ್ಕ ಮರುದಿನ ಹೊತ್ತು ಏರುವ ತನಕ ತೋಡಿದಳು. ಆಚೆಯ ಕರಕರವೂ ಜೋರಾಯಿತು. ಮಟಮಟ ಮಧ್ಯಾಹ್ನದ ಹೊತ್ತಿಗೆ ಗೋಡೆ ದಬಕ್ಕನೆ ಕುಸಿಯಿತು. ಅಂಗೈಯಗಲದ ತೂತು ಬಿತ್ತು. ತೂತಿನಲ್ಲಿ ಕತ್ತರಿಯ ಹಾಗೆ ಬಾಯಿ ಬಿಡುವ ಎರಡು ಕೊಂಬು ಕಾಣಿಸಿದವು, ಅವುಗಳ ನಡುವೆ ಕಡ್ಡಿಗಳ ತುದಿಯಲ್ಲಿ ಎರಡು ಕಣ್ಣು.

"ಯಾರು ನೀನು?" ಎಂದಳು ಮಣ್ಣಕ್ಕ.

"ನೀವು ಯಾರು?" ಎಂದಿತು ಅದು. "ನಾನು ಏಡಿ, ಕತ್ತರಿಯಪ್ಪ ಅಂತ. ಇದು ನನ್ನ ಮನೆಯ ಹಿಂದಿನ ಗೋಡೆ."

"ಇದು ನನ್ನ ಮನೆಯ ಹಿಂದಿನ ಗೋಡೆ!"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. "ನನ್ನ ಗೋಡೆ ಒಣಗಿ ಉದುರುತ್ತಿತ್ತು ಅಕ್ಕ," ಎಂದ ಕತ್ತರಿಯಪ್ಪ ಗಲಿಬಿಲಿಯಿಂದ. "ನಮ್ಮ ಕಪ್ಪೆ ಡೊಳ್ಳಯ್ಯಜ್ಜ ಹೇಳಿದ, ಇನ್ನೂ ಒಳಕ್ಕೆ ತೋಡು, ತಂಪಿರುತ್ತೆ, ಆಚೆ ಯಾರೂ ಇಲ್ಲ ಅಂತ."

ಮಣ್ಣಕ್ಕ ಏನು ಹೇಳುತ್ತಿದ್ದಳೋ, ಅಷ್ಟರಲ್ಲಿ ಕತ್ತರಿಯಪ್ಪನ ಬಿಲದ ಬಾಯಿಯ ಮಣ್ಣೂ ಜರಿದು, ಅವನ ಬೆನ್ನ ಹಿಂದಿನಿಂದ ಕೆರೆಯ ನೀರು ನುಗ್ಗಿತು. ತಗ್ಗಿನ ಕೋಣೆ, ನೀರು ತುಂಬತೊಡಗಿತು. ಮರಿಗಳು ಕೀಂ ಅಂದವು.

"ಅಕ್ಕ, ನಾನು ತೂತಿಗೆ ಬೆನ್ನು ಕೊಟ್ಟು ನಿಲ್ತೀನಿ. ನೀವು ಮಕ್ಕಳನ್ನು ಸಾಗಿಸಿ!" ಕತ್ತರಿಯಪ್ಪ ತೂತಿನಿಂದ ಈಚೆಗೆ ನುಸುಳಿ ಬಂದು ತನ್ನ ಚಿಪ್ಪನ್ನು ತೂತಿಗೆ ಒತ್ತಿ ನಿಂತ. ನೀರು ಅರ್ಧಕ್ಕರ್ಧ ನಿಂತಿತು. ಚಿಪ್ಪಿನ ಅಂಚಿನಿಂದ ಮಾತ್ರ ಒಸರುತ್ತಲೇ ಇತ್ತು.

ಮಣ್ಣಕ್ಕ ತಬ್ಬಿಬ್ಬಾದಳು. ಬಾಯಲ್ಲಿ ಒಂದು ಸಲಕ್ಕೆ ಒಂದೇ ಮರಿ ಹಿಡಿಯುತ್ತದೆ. ಉಳಿದ ಎರಡನ್ನು ಏಡಿಯ ಹತ್ತಿರ ಬಿಟ್ಟು ಹೋಗುವುದೇ? ಬಿಡದಿದ್ದರೆ ಮೂರೂ ಮುಳುಗುತ್ತವೆ. ಕಣ್ಣುಮುಚ್ಚಿ ಒಂದನ್ನು ಕಚ್ಚಿಕೊಂಡು ಓಡಿದಳು, ಕಿವಿಯಮ್ಮನ ಪೊದೆಯಲ್ಲಿಟ್ಟು ಬಂದಳು. ಎರಡನೆಯದನ್ನೂ ಸಾಗಿಸಿದಳು. ಮೂರನೆಯದಕ್ಕೆ ಬರುವಾಗ ನೀರು ಅವಳ ಹೊಟ್ಟೆಯ ಮಟ್ಟಕ್ಕೆ ಏರಿತ್ತು. ಒಳಗೆ ಕಾಲಿಟ್ಟವಳು ಮರಿಯನ್ನು ನೋಡಿ ಕಿರುಚಿದಳು.

ಅವಳ ಕೊನೆಯ ಮರಿ ಏಡಿಯ ಕೊಂಬಿನಲ್ಲಿತ್ತು!

ಅವಳು ಯೋಚಿಸಲಿಲ್ಲ. ಹಾರಿ ಏಡಿಯ ಕಾಲಿಗೆ ಬಾಯಿ ಹಾಕಿದಳು. ಕಟಕ್ ಅಂತ ಒಂದು ಕಾಲು ಮುರಿದು ಬಂತು.

ಕತ್ತರಿಯಪ್ಪ ನೋವಿನಿಂದ ನಡುಗಿದ. ತೂತಿನಿಂದ ಬೆನ್ನು ತೆಗೆಯಲಿಲ್ಲ, ಕೊಂಬನ್ನು ಕೆಳಗಿಳಿಸಲೂ ಇಲ್ಲ. "ಮೊದಲು ಮಗುವನ್ನು ತಗೊಳ್ಳಿ ಅಕ್ಕ," ಎಂದ. "ಆಮೇಲೆ ಬೇಕಾದರೆ ಕಚ್ಚಿ."

ಆಗ ಅವಳಿಗೆ ಕಂಡಿತು. ಮರಿಯ ಮೈಮೇಲೆ ಒಂದು ಗೀರೂ ಇರಲಿಲ್ಲ. ನೀರು ತಾಗದಷ್ಟು ಎತ್ತರದಲ್ಲಿ, ಕೊಂಬಿನ ಸಂದಿಯಲ್ಲಿ, ಅದು ನಿದ್ದೆ ಹೋಗಿತ್ತು.

ಮರಿಯನ್ನು ಹೊರಗೆ ತಂದಿಟ್ಟ ಮಣ್ಣಕ್ಕನಿಗೆ ಅಳಲೂ ಹೊತ್ತಿರಲಿಲ್ಲ. ತೂತು ದೊಡ್ಡದಾದರೆ ಏರಿಯೇ ಒಡೆಯುತ್ತದೆ. ಹೊರಮೈಯ ಮನೆಗಳು ಕೊಚ್ಚಿಹೋಗುತ್ತವೆ, ಕೆರೆ ಬತ್ತಿ ಒಳಮೈಯವರೂ ಸಾಯುತ್ತಾರೆ. ಹೊರಗಿನಿಂದ ಎಷ್ಟು ಮಣ್ಣು ತುಂಬಿದರೂ ನಿಲ್ಲುವುದಿಲ್ಲ. ಒಳಗಿನಿಂದ ಜೇಡಿ ಮೆತ್ತಬೇಕು, ಹೊರಗಿನಿಂದ ಹುಲ್ಲು ಕಲ್ಲು ಗಿಡಿಯಬೇಕು. ಎರಡೂ ಒಟ್ಟಿಗೆ ಆಗಬೇಕು. ಅವಳು ಏರಿಯ ಮೇಲಕ್ಕೆ ಓಡಿದಳು.

"ಎಲ್ಲಿಗೆ? ಈಗ ಬೆಳಗ್ಗೆಯಲ್ಲ!" ಎಂದು ಶೇಷಪ್ಪಜ್ಜ ಕೆಳಗಿನಿಂದ ಕೂಗಿದ. "ಈಗ ನಮ್ಮ ಹೊತ್ತಲ್ಲ!"

ಮಣ್ಣಕ್ಕ ಕೆರೆಯ ಕಡೆಗೆ ಬಾಗಿ ಕೂಗಿದಳು: "ಏರಿ ತೂತಾಗಿದೆ, ಬನ್ನಿ!" ದಪ್ಪ ಕಪ್ಪೆ ಡೊಳ್ಳಯ್ಯ ತಲೆ ಎತ್ತಿದ. "ಈಗ ಸಂಜೆಯಲ್ಲ," ಎಂದ. "ಈಗ ನಮ್ಮ ಹೊತ್ತೂ ಅಲ್ಲ."

"ಮತ್ತೆ ಯಾರ ಹೊತ್ತು?"

"ಯಾರದೂ ಅಲ್ಲ," ಎಂದರು ಇಬ್ಬರು ಹಿರಿಯರೂ, ಏರಿಯ ಎರಡು ಕಡೆಯಿಂದ, ಒಂದೇ ಸಲಕ್ಕೆ.

"ಯಾರದೂ ಅಲ್ಲದ ಹೊತ್ತು ಎಲ್ಲರದ್ದೂ ಆಯಿತಲ್ಲ!"

ಹಿರಿಯರಿಬ್ಬರೂ ಈ ಮಾತು ಕಟ್ಟಳೆಗೆ ಒಪ್ಪುತ್ತದೋ ಇಲ್ಲವೋ ಅಂತ ಯೋಚಿಸುತ್ತ ಕೂತರು. ಅವರು ಯೋಚಿಸಿ ಮುಗಿಸುವಷ್ಟರಲ್ಲಿ ಆಮೆಗಳು ಜೇಡಿ ತಳ್ಳಿಯಾಗಿತ್ತು, ಕಪ್ಪೆಗಳು ತುಳಿದು ಗಟ್ಟಿಮಾಡಿಯಾಗಿತ್ತು, ಮೊಲಗಳು ಹುಲ್ಲು ತುರುಕಿಯಾಗಿತ್ತು. ಒಳಗಿನ ದಾರಿ ಮುಚ್ಚಿದ್ದರಿಂದ ಕತ್ತರಿಯಪ್ಪ ಮಣ್ಣಕ್ಕನ ಬಿಲದ ಬಾಯಿಂದಲೇ ಹೊರಗೆ ಬಂದ. ಒಣನೆಲದವರು ಜೀವಮಾನದಲ್ಲಿ ಮೊದಲ ಸಲ ಏಡಿಯನ್ನು ಹತ್ತಿರದಿಂದ ನೋಡಿದರು. ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದರು. ಅವನು ಕುಂಟುತ್ತ ಏರಿಯ ಮೇಲಕ್ಕೆ ಹತ್ತಿದ.

ನೀರು ನಿಂತಿತು. ಮೈಯೆಲ್ಲ ಕೆಸರಾದ ಎರಡೂ ಕಡೆಯವರು ಏರಿಯ ಮೇಲೆ ಎದುರುಬದುರು ನಿಂತರು. ಕೆಸರಿನಲ್ಲಿ ಕೆಲವರಂತೂ ಯಾವ ಕಡೆಯವರು ಅಂತಲೇ ಗುರುತು ಸಿಗುತ್ತಿರಲಿಲ್ಲ.

ಶೇಷಪ್ಪಜ್ಜ ಗಂಟಲು ಸರಿಮಾಡಿಕೊಂಡ. "ನಾನು ಯಾವತ್ತೂ ಹೇಳ್ತಾ ಬಂದಿದ್ದೀನಿ, ನಾವೆಲ್ಲ ಒಂದೇ ಅಂತ."

"ನಾನೂ ಅದನ್ನೇ ಹೇಳೋದು," ಎಂದ ಡೊಳ್ಳಯ್ಯ. ಆಮೇಲೆ ಅವನ ಕಣ್ಣು ಕತ್ತರಿಯಪ್ಪನ ಮೇಲೆ ಬಿತ್ತು. "ಏನಪ್ಪಾ, ನಿನ್ನ ಕಾಲಿಗೆ ಏನಾಯಿತು?"

ಒಣನೆಲದವರೆಲ್ಲ ಮಣ್ಣಕ್ಕನ ಕಡೆ ನೋಡಿದರು. ಅವಳ ಬಾಯಿಯ ಅಂಚಿನಲ್ಲಿ ಚಿಪ್ಪಿನ ಚೂರು ಇನ್ನೂ ಅಂಟಿಕೊಂಡಿತ್ತು.

"ಕಲ್ಲಿಗೆ ಸಿಕ್ಕಿ ಮುರಿಯಿತು," ಎಂದ ಕತ್ತರಿಯಪ್ಪ.

ಮಣ್ಣಕ್ಕ ಬೆಚ್ಚಿದಳು. ಶೇಷಪ್ಪಜ್ಜ ಅವಳ ಪಕ್ಕಕ್ಕೆ ಸರಿದು ಮೆಲ್ಲಗೆ, "ಸುಮ್ಮನಿರು, ಹೇಗೋ ಮುಗೀತು," ಎಂದ. ಮುಗಿಯಿತೇ? ಅವಳಿಗೆ ಗೊತ್ತಾಗಲಿಲ್ಲ. ಬಾಯಿ ಬಿಟ್ಟರೆ ಇಷ್ಟು ಹೊತ್ತು ಒಟ್ಟಿಗೆ ನಿಂತವರು ಮತ್ತೆ ಇಬ್ಭಾಗ ಆಗಬಹುದು. ಬಿಡದಿದ್ದರೆ ಅವನ ಮುಖ ನೋಡುವುದು ಹೇಗೆ?

"ಕಲ್ಲಿಗೆ ಸಿಕ್ಕಿದ್ದಲ್ಲ," ಎಂದಳು ಅವಳು ಜೋರಾಗಿ. "ನಾನು ಕಚ್ಚಿದೆ. ನನ್ನ ಮಗುವನ್ನು ಎತ್ತಿ ಹಿಡಿದವನನ್ನು ನಾನೇ ಕಚ್ಚಿದೆ. ಏಡಿಗಳು ಮರಿಗಳನ್ನು ಕತ್ತರಿಸ್ತಾವೆ ಅಂತ ಹೇಳಿದ್ದರು. ನಾನು ನಂಬಿದೆ."

ಕಿವಿಯಮ್ಮ ತನ್ನ ಎರಡೂ ಕಿವಿಗಳನ್ನು ಕೆಳಗೆ ಬಿಟ್ಟು ನೆಲ ನೋಡಿದಳು.

ಕತ್ತರಿಯಪ್ಪ ಕುಂಟುತ್ತ ಅವಳ ಹತ್ತಿರ ಬಂದ. ಆಮೇಲೆ, "ನನಗೂ ಹೇಳಿದ್ದರು ಅಕ್ಕ," ಎಂದ. "ಹೆಗ್ಗಣಗಳು ಕಂಡವರನ್ನೆಲ್ಲ ಕಚ್ತಾವೆ ಅಂತ. ನಾನೂ ನಂಬಿದ್ದೆ. ನೀವು ಒಳಗೆ ಬರುವಾಗಲೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು."

"ಮತ್ತೆ ಯಾಕೆ ಓಡಿಹೋಗಲಿಲ್ಲ?"

"ಮಗು ನೀರಲ್ಲಿ ನೆನೆಯುತ್ತಿತ್ತಲ್ಲ," ಎಂದ ಅವನು.

ನೀತಿ: ಕಾಣದವರ ಬಗ್ಗೆ ಕೇಳಿದ ಮಾತನ್ನೇ ನಂಬಿ ದೂರ ಕೂತವರು, ಕೊನೆಗೆ ಕಾಪಾಡಲು ಬಂದವರನ್ನೇ ಕಚ್ಚುತ್ತಾರೆ.